ಮೊದಲು ಮಿಕ್ಸರ್, ಕೊನೆಗೆ ಸ್ಪೀಕರ್

ಪ್ರಶ್ನೆ: ಕುಷ್ಟಗಿ, ಯಲಬುರ್ಗಾ ಕಡೆ ಬಯಲಾಟಕ್ಕೆ ಪವರ್ಡ್ ಸ್ಪೀಕರ್ ಹಾಕುವ ತಂಡದ್ದು ಈ ತಾಪತ್ರಯ: ಕರೆಂಟು ಹೋಗಿ ಜನರೇಟರ್ ಹಚ್ಚಿದಾಗ ‘ಢಬ್’ ಸದ್ದು; ಆಟದುದ್ದಕ್ಕೂ ಸ್ಪೀಕರಿನಲ್ಲಿ ಕೆಂಪು ದೀಪ.

ಉತ್ತರ: ಆ ‘ಢಬ್’ ಟ್ವೀಟರನ್ನೇ ಸುಡಬಲ್ಲದು. ಪವರ್ಡ್ ಸ್ಪೀಕರಿನಲ್ಲಿ ಆಂಪ್ಲಿಫೈಯರ್ ಡಬ್ಬಿಯೊಳಗೇ ಇರುವುದರಿಂದ ಮಿಕ್ಸರ್ ಆನ್ ಆಗುವ ಹೊಡೆತವೂ ದೊಡ್ಡದಾಗಿ ಹೊರಬೀಳುತ್ತದೆ. ಹಾಗಾಗಿ ಮಿಕ್ಸರ್ ಮೊದಲು, ಸ್ಪೀಕರ್ ಕೊನೆಗೆ. ಆಫ್ ಮಾಡುವಾಗ ಉಲ್ಟಾ. ಕರೆಂಟು ಹೋದೊಡನೆ ಸ್ಪೀಕರ್ ಸ್ವಿಚ್ ಆರಿಸಿ, ಜನರೇಟರ್ ವೋಲ್ಟೇಜ್ 230ರ ಆಸುಪಾಸು ನಿಂತ ಮೇಲೆಯೇ ಹಚ್ಚಬೇಕು.

ಕೆಂಪು ದೀಪ ಆಗೊಮ್ಮೆ ಈಗೊಮ್ಮೆ ಮಿನುಗಿದರೆ ಅಡ್ಡಿಯಿಲ್ಲ. ಸದಾ ಉರಿದರೆ ಮಿಕ್ಸರ್ ಫೇಡರ್ ಇಳಿಸಬೇಕು.

ಬೇಸಿಗೆಯಲ್ಲಿ ಸ್ಪೀಕರಿನ ಬೆನ್ನಿಗೆ ಗಾಳಿಯಾಡಲಿ, ತಾಡಪತ್ರಿ ಹೊದಿಸುವುದು ಬೇಡ. ‘ಗುಂಯ್’ ಎಂದರೂ ಅರ್ಥಿಂಗ್ ತೆಗೆಯಬಾರದು. ಅದು ಜೀವಕ್ಕೇ ಕುತ್ತು.

ಬಯಲಾಟ ಬೆಳತನಕ ನಡೆದರೂ, 2000ರ ಶಬ್ದಮಾಲಿನ್ಯ ನಿಯಮದಂತೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ.