ಅಲ್ಪವಿರಾಮವೋ, ಅಂಕಣದ ಗಡಿಯೋ? ಸಿಎಸ್‌ವಿ ಕಡತ ಶುದ್ಧಿಯ ಒಂದು ಪಾಠ

ಅಭ್ಯಾಸ ಬೋಧನೆಯಲ್ಲಿ ಒಂಬತ್ತನೇ ತರಗತಿಗೆ ನಾನು ಮಾಡಿದ ಗಣಕ ಪಾಠದ ವಿವರವಿದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹೆಸರಿನಲ್ಲಿ ಕಲ್ಪಿತ ವಿದ್ಯಾರ್ಥಿವೇತನ ಪಟ್ಟಿ ಸಿದ್ಧಪಡಿಸಿದ್ದೆ.

ಉದ್ದೇಶ: ಡೇಟಾಬೇಸ್‌ಗೆ ಸೇರಿಸುವ ಮೊದಲು ಸಿಎಸ್‌ವಿ ಕಡತದ ದೋಷಗಳನ್ನು ವಿದ್ಯಾರ್ಥಿಗಳು ಗುರುತಿಸಿ ತಿದ್ದುವರು.

ಹಂತ 1. ಕಪ್ಪು ಹಲಗೆಯ ಮೇಲೆ ಬರೆದೆ:

ಸಂಖ್ಯೆ,ಹೆಸರು,ವಿಳಾಸ,ತಾಲ್ಲೂಕು,ಆದಾಯ
007,ಗೌರಿ,ಕೋಟೆ ಬೀದಿ, ಪೇಟೆ,ಚನ್ನಗಿರಿ,1,20,000

ಅಂಕಣಗಳನ್ನು ಎಣಿಸಲು ಹೇಳಿದೆ. ಶೀರ್ಷಿಕೆಯಲ್ಲಿ ಐದು, ಕೆಳಗಿನ ಸಾಲಿನಲ್ಲಿ ಎಂಟು. ‘ಪೇಟೆ’ ತಾಲ್ಲೂಕಿನ ಜಾಗಕ್ಕೆ, ‘ಚನ್ನಗಿರಿ’ ಆದಾಯದ ಜಾಗಕ್ಕೆ ಸರಿದಿವೆ. ಚನ್ನಗಿರಿಯ ಪಟ್ಟಿ ಕೇಳಿದರೆ ಗೌರಿಯ ಹೆಸರೇ ಬರುವುದಿಲ್ಲ. ಅರ್ಹಳಾದರೂ ಅವಳಿಗೆ ವೇತನ ತಪ್ಪುತ್ತದೆ. ಇಷ್ಟು ಹೇಳಿದ ಮೇಲೆ ತಿದ್ದುವುದು ಏಕೆಂದು ವಿವರಿಸಬೇಕಾಗಲಿಲ್ಲ.

ಹಂತ 2. ತಿದ್ದಿದ ಸಾಲು:

007,ಗೌರಿ,"ಕೋಟೆ ಬೀದಿ, ಪೇಟೆ",ಚನ್ನಗಿರಿ,120000

ವಿಳಾಸದ ಅಲ್ಪವಿರಾಮ ಬೇಕಾದದ್ದು. ಅದನ್ನು ಉದ್ಧರಣ ಚಿಹ್ನೆಯೊಳಗೆ ಕಾಪಾಡಬೇಕು. ಮೊತ್ತದ ಅಲ್ಪವಿರಾಮ ಓದುವವರ ಅನುಕೂಲಕ್ಕಷ್ಟೇ, ಅದನ್ನು ತೆಗೆಯಬೇಕು. ಆದ್ದರಿಂದ ಎಲ್ಲ ಅಲ್ಪವಿರಾಮಗಳನ್ನೂ ಒಂದೇ ಆದೇಶದಿಂದ ಅಳಿಸಬಾರದು. ಅಳಿಸಿದರೆ ಅಂಕಣದ ಗಡಿಗಳೂ ಹೋಗುತ್ತವೆ.

ಹಂತ 3. ನಿಯಮಗಳು. 2005ರ ಆರ್‌ಎಫ್‌ಸಿ 4180 ಪ್ರಕಾರ, ಉದ್ಧರಣದೊಳಗೆ ಇನ್ನೊಂದು ಉದ್ಧರಣ ಚಿಹ್ನೆ ಬಂದರೆ ಅದನ್ನು ಎರಡು ಬಾರಿ ಬರೆಯಬೇಕು. ಬಾಗಿದ ಚಿಹ್ನೆ ಸಲ್ಲದು, ನೇರ ಚಿಹ್ನೆಯೇ ಬೇಕು. 007 ಅನ್ನು ಪಠ್ಯವೆಂದು ಓದಿಸದಿದ್ದರೆ 7 ಆಗುತ್ತದೆ. ಕನ್ನಡ ಅಕ್ಷರ ಕೆಡದಿರಲು ಕಡತವನ್ನು ಯುಟಿಎಫ್-8ರಲ್ಲಿ ಉಳಿಸಬೇಕು.

ಹಂತ 4. ಚರ್ಚೆ. ನ್ಯಾಮತಿಯ ಹಳೆಯ ದಾಖಲೆಯಲ್ಲಿ ತಾಲ್ಲೂಕು ‘ಹೊನ್ನಾಳಿ’ ಎಂದಿದೆ, ತಿದ್ದಬೇಕೇ? ಅದು ದೋಷವಲ್ಲ. ಆಗ ನ್ಯಾಮತಿ ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು. ದಾವಣಗೆರೆ ಜಿಲ್ಲೆ ರಚನೆಯಾದ 1997ಕ್ಕಿಂತ ಹಿಂದಿನ ದಾಖಲೆಗಳಲ್ಲಿ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲೂ ಜಗಳೂರು ಚಿತ್ರದುರ್ಗದಲ್ಲೂ ಇರುತ್ತವೆ. ಹಳೆಯ ಅಂಕಣವನ್ನು ಹಾಗೆಯೇ ಉಳಿಸಿ, ‘ಈಗಿನ ತಾಲ್ಲೂಕು’ ಎಂಬ ಹೊಸ ಅಂಕಣ ಸೇರಿಸಬೇಕೆಂದು ತೀರ್ಮಾನಿಸಿದೆವು. ಬರಹದ ರೂಪವನ್ನು ತಿದ್ದುವುದು ಶುದ್ಧಿ. ದಾಖಲಾದ ಸಂಗತಿಯನ್ನು ಬದಲಿಸುವುದು ಬೇರೆ ಕೆಲಸ, ಅದಕ್ಕೆ ಆಧಾರ ಬೇಕು.

ಮೌಲ್ಯಮಾಪನ: ಪ್ರತಿ ಗುಂಪಿಗೂ ಹತ್ತು ದಾಖಲೆ ಕೊಟ್ಟು, ಪ್ರತಿ ದಾಖಲೆಯಲ್ಲೂ ಐದೇ ಅಂಕಣಗಳಿವೆಯೇ, ಸೇರಿಸಿದ ಮೇಲೆ ಹತ್ತೂ ದಾಖಲೆಗಳು ಉಳಿದಿವೆಯೇ ಎಂದು ಪರಿಶೀಲಿಸಲು ಹೇಳಿದೆ.

ಪ್ರಶಿಕ್ಷಣಾರ್ಥಿ ಮಿತ್ರರಿಗೆ ಒಂದು ಸೂಚನೆ: ಈ ಪಾಠಕ್ಕೆ ಶಾಲೆಯ ನಿಜವಾದ ಪಟ್ಟಿ ಬಳಸಬೇಡಿ. ಗಣಕ ಕಡಿಮೆಯಿದ್ದರೆ ಹಲಗೆ, ಸೀಮೆಸುಣ್ಣ ಸಾಕು.