ಕೊಬ್ಬರಿ ದುಡ್ಡು, ಲೆಗೊ ಲೆಕ್ಕ

ಅರಸೀಕೆರೆ ಸೀಮೆಯ ತೋಟದ ಮನೆಗಳಿಗೆ ದುಡ್ಡು ತಿಂಗಳಿಗೊಮ್ಮೆ ಬರುವುದಿಲ್ಲ. ಕಿತ್ತ ತೆಂಗಿನಕಾಯಿಯನ್ನು ಅಟ್ಟಕ್ಕೆ ಏರಿಸಬೇಕು. ಒಳಗಿನ ನೀರು ಇಂಗಿ, ಗಿಟುಕು ಚಿಪ್ಪು ಬಿಡುವವರೆಗೆ ಹತ್ತಿರ ಹತ್ತಿರ ಒಂದು ವರ್ಷ ಕಾಯಬೇಕು. ಆಮೇಲೆ ಸುಲಿದು, ಒಡೆದು, ಚೀಲಕ್ಕೆ ತುಂಬಿ ಎಪಿಎಂಸಿಗೆ ಹಾಕಿದ ದಿನ ಏನು ಬೆಲೆ ಸಿಗುತ್ತದೋ ಅದೇ ಆ ವರ್ಷದ ಆದಾಯ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ಮಾರುಕಟ್ಟೆ ಬೆಲೆ ಅದಕ್ಕಿಂತ ಬಹಳ ಕೆಳಗೆ ಕುಸಿದು ಬೆಳೆಗಾರರು ಬೀದಿಗಿಳಿದರು. ಎರಡೇ ವರ್ಷ ಕಳೆಯಿತು. 2025ರಲ್ಲಿ ಬೆಂಬಲ ಬೆಲೆ 12,100 ಇದ್ದಾಗ ಮಾರುಕಟ್ಟೆಯಲ್ಲಿ ಅದು 20,000 ದಾಟಿ ಮೇಲೇರಿತು.

ಈ ಅಂಕಣಕಾರನ ಮನೆಯೂ ಅಂಥದ್ದೇ. ಊರೊಳಗೆ ಸಂಬಳದ ಕೆಲಸ, ಊರಾಚೆ ಹಿರಿಯರ ತೋಟ. ಜೊತೆಗೆ ಒಂದು ಹವ್ಯಾಸ: ಲೆಗೊ ಬ್ಲಾಕ್‌ಗಳನ್ನು ಕೊಳ್ಳುವುದು, ಜೋಡಿಸುವುದು. ದೊಡ್ಡವರಿಗೂ ಹಿಡಿಯುವ ಹವ್ಯಾಸ ಇದು, ಅಗ್ಗದ್ದಲ್ಲ. ಕೊಬ್ಬರಿ ಏರಿದ ವರ್ಷ ಕೈಯಲ್ಲಿ ಕಾಸು ಆಡುವಾಗ ಒಂದು ದೊಡ್ಡ ಡಬ್ಬ ತರಿಸುವುದು ಯಾರಿಗೂ ತಪ್ಪೆನಿಸುವುದಿಲ್ಲ. ಹಣಕಾಸಿನ ಶಿಸ್ತಿಗೆ ನಿಜವಾದ ಪರೀಕ್ಷೆ ಒಡ್ಡುವುದು ಇಂಥ ಒಳ್ಳೆಯ ವರ್ಷಗಳೇ. ಬೆಲೆ ಬಿದ್ದ ವರ್ಷ ಯಾರೂ ಹೇಳದಿದ್ದರೂ ಕೈ ತಾನಾಗಿ ಬಿಗಿಯಾಗುತ್ತದೆ. ಏರಿದ ವರ್ಷ ಬೆಳೆಸಿಕೊಂಡ ಅಭ್ಯಾಸ ಮಾತ್ರ ಬೆಲೆಯ ಜೊತೆ ಇಳಿಯುವುದಿಲ್ಲ.

ಅದಕ್ಕೇ ಈ ಮನೆಯ ಮೊದಲ ಕಟ್ಟು: ಆಟಿಕೆಗೆ ಸಂಬಳದ ದುಡ್ಡು ಮಾತ್ರ, ಕೊಬ್ಬರಿ ದುಡ್ಡು ಮುಟ್ಟುವಂತಿಲ್ಲ. ತೋಟದ ಆದಾಯ ಗೊಬ್ಬರಕ್ಕೆ, ಹನಿ ನೀರಾವರಿಯ ಪೈಪಿಗೆ, ಕೊಳವೆಬಾವಿಯ ಮೋಟಾರಿಗೆ, ಮಿಕ್ಕಿದ್ದು ಠೇವಣಿಗೆ. ಹವ್ಯಾಸಕ್ಕೆ ತಿಂಗಳಿಗೆ 1,500 ರೂಪಾಯಿ ಸಂಬಳದ ಖಾತೆಯಿಂದ ಬೇರೊಂದು ಉಳಿತಾಯ ಖಾತೆಗೆ ತಾನಾಗಿ ಹೋಗುತ್ತದೆ. ಅಲ್ಲಿ ಇದ್ದಷ್ಟೇ ಖರ್ಚು. ಈ ಮೊತ್ತ ವರ್ಷಕ್ಕೊಮ್ಮೆ, ಯುಗಾದಿಯ ಹೊತ್ತಿಗೆ, ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿದ ಮೇಲೆ ಮಾತ್ರ ಬದಲಾಗಬಹುದು.

1,500 ಸಣ್ಣ ಮೊತ್ತವೇನಲ್ಲ. ಅದನ್ನೇ ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ ಶೇ 6.7ರ ಬಡ್ಡಿಯಲ್ಲಿ ಕಟ್ಟಿದರೆ ಕಟ್ಟಿದ 90,000 ಸುಮಾರು 1,07,000 ಆಗುತ್ತದೆ. ಹವ್ಯಾಸದ ಐದು ವರ್ಷದ ನಿಜವಾದ ಬೆಲೆ ಇದು. ಗೊತ್ತಿದ್ದೇ, ಒಪ್ಪಿಕೊಂಡೇ ಕೊಡುತ್ತಿರುವ ಬೆಲೆ. ಸಿನಿಮಾಕ್ಕೂ ಪ್ರವಾಸಕ್ಕೂ ಖರ್ಚು ಮಾಡುವ ಹಾಗೆ ಕೈಗೂ ಕಣ್ಣಿಗೂ ಕೆಲಸ ಕೊಡುವ ಸಂತೋಷಕ್ಕೆ ಖರ್ಚು ಮಾಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಲೆಕ್ಕ ಕಣ್ಣೆದುರಿಗೆ ಇದ್ದರಾಯಿತು.

ಕಂತಿನ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು: ಬೇಡ. ‘ನೋ ಕಾಸ್ಟ್ ಇಎಂಐ’ ಎಂದು ಕಾಣುವುದರ ಒಳಗೂ ಬಡ್ಡಿಯ ಭಾಗವೊಂದು ಇರುತ್ತದೆ, ಅದರ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ, ಎಷ್ಟೋ ಸಲ ಪ್ರೊಸೆಸಿಂಗ್ ಶುಲ್ಕವೂ ಸೇರುತ್ತದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಹೇಳಿದೆ. ಆಟಿಕೆಗಾಗಿ ಸಾಲ ಮಾಡುವ ಮನೆ ನಾಳೆ ಮೋಟಾರು ಸುಟ್ಟಾಗ ಏನು ಮಾಡುತ್ತದೆ?

ಹೆಚ್ಚು ಹೊತ್ತು ನಿಂತು ನೋಡಬೇಕಾದ್ದು ‘ಇದೂ ಒಂದು ಹೂಡಿಕೆ’ ಎಂಬ ಮಾತನ್ನು. ಸಂಗ್ರಾಹಕರ ನಡುವೆ ಇದು ಬಹಳ ಓಡಾಡುತ್ತದೆ, ಅದಕ್ಕೆ ಆಧಾರವೂ ಇಲ್ಲದಿಲ್ಲ. ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಇಕನಾಮಿಕ್ಸ್‌ನ ಇಬ್ಬರು ಸಂಶೋಧಕಿಯರು 1987ರಿಂದ 2015ರವರೆಗಿನ ಎರಡು ಸಾವಿರಕ್ಕೂ ಹೆಚ್ಚು ಲೆಗೊ ಸೆಟ್‌ಗಳ ಬೆಲೆ ಪರಿಶೀಲಿಸಿದರು. ತಯಾರಿಕೆ ನಿಂತ ಸೆಟ್‌ಗಳು ಮರುಮಾರಾಟದಲ್ಲಿ ಸರಾಸರಿ ವರ್ಷಕ್ಕೆ ಶೇ 11ರಷ್ಟು ಪ್ರತಿಫಲ ಕೊಟ್ಟಿವೆ ಎಂದು ಕಂಡುಕೊಂಡರು. ಓದಿದವರಿಗೆ ಅಟ್ಟದ ತುಂಬ ಬಿಚ್ಚದ ಡಬ್ಬ ಪೇರಿಸಿಡೋಣ ಎನಿಸುತ್ತದೆ. ಅಟ್ಟದ ಮೇಲೆ ಇಟ್ಟು ಕಾಯುವುದು ಈ ಸೀಮೆಗೆ ಹೊಸದೇನೂ ಅಲ್ಲವಲ್ಲ.

ಕಾಯಿಗೂ ಡಬ್ಬಕ್ಕೂ ಇರುವ ವ್ಯತ್ಯಾಸ ಮಾರುವ ದಿನ ಗೊತ್ತಾಗುತ್ತದೆ. ಕೊಬ್ಬರಿಗೆ ಅರಸೀಕೆರೆಯಲ್ಲೂ ತಿಪಟೂರಿನಲ್ಲೂ ಮಾರುಕಟ್ಟೆಯಿದೆ, ಟೆಂಡರ್ ಇದೆ, ತೂಕದ ಚೀಟಿ ಇದೆ. ಬೆಲೆ ಕಡಿಮೆಯಿರಬಹುದು, ಕೊಳ್ಳುವವರಿಲ್ಲ ಎಂಬ ಮಾತಿಲ್ಲ. ಬಿಚ್ಚದ ಲೆಗೊ ಡಬ್ಬಕ್ಕೆ ಇಲ್ಲಿ ಅಂಥ ಜಾಗವಿಲ್ಲ. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಒಬ್ಬ ಗಿರಾಕಿಯನ್ನು ಹುಡುಕಬೇಕು. ಮೂಲೆ ಜಜ್ಜಿಲ್ಲ, ಸೀಲು ಒಡೆದಿಲ್ಲ ಎಂದು ಫೋಟೊ ಕಳಿಸಬೇಕು, ಕೊರಿಯರ್ ಖರ್ಚು ಹೊರಬೇಕು. ಶೇ 11 ಎಂಬುದು ಸರಾಸರಿ ಎನ್ನುವುದನ್ನೂ ಮರೆಯುವಂತಿಲ್ಲ: ಅದೇ ಅಧ್ಯಯನದಲ್ಲಿ ಬೆಲೆ ಕಳೆದುಕೊಂಡ ಸೆಟ್‌ಗಳೂ ಇವೆ.

ನಮ್ಮ ದೇಶದ್ದೇ ಕಟ್ಟಡ ಇದಕ್ಕೆ ಒಳ್ಳೆಯ ಉದಾಹರಣೆ. ಲೆಗೊ ಕಂಪನಿ 2008ರಲ್ಲಿ 5,922 ತುಂಡುಗಳ ತಾಜ್ ಮಹಲ್ ಸೆಟ್ ತಂದಿತು. ಅದರ ತಯಾರಿಕೆ ನಿಂತ ಮೇಲೆ ಮರುಮಾರಾಟದಲ್ಲಿ ಬೆಲೆ ಹಲವು ಪಟ್ಟು ಏರಿತು. 2017ರಲ್ಲಿ ಕಂಪನಿ ಒಂದೇ ಒಂದು ತುಂಡು ಹೆಚ್ಚಿಸಿ, 5,923 ತುಂಡುಗಳ ಹೊಸ ಡಬ್ಬವಾಗಿ ಅದನ್ನೇ ಮತ್ತೆ ಬಿಡುಗಡೆ ಮಾಡಿತು. ಹಳೆಯ ಡಬ್ಬದ ಬೆಲೆ ಕುಸಿಯಿತು. ಕೊಬ್ಬರಿ ಬೆಲೆ ಬಿದ್ದರೆ ಮಳೆ, ಆಮದು, ಬೇಡಿಕೆ ಎಂದು ನಾಲ್ಕು ಕಾರಣ ಹೇಳಬಹುದು. ಇಲ್ಲಿ ಎಲ್ಲೋ ದೂರದ ಕಚೇರಿಯ ಒಂದು ತೀರ್ಮಾನ ಸಾಕು.

ಈ ಮನೆಯ ಎರಡನೆಯ ಕಟ್ಟು ಹುಟ್ಟಿದ್ದು ಮನೆಯಾಕೆಯ ಒಂದು ಮಾತಿನಿಂದ: “ಅಟ್ಟ ಇರೋದು ಕಾಯಿಗೆ ಕಣ್ರೀ, ಡಬ್ಬಕ್ಕಲ್ಲ.” ಬಿಚ್ಚದ ಡಬ್ಬ ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಇರುವಂತಿಲ್ಲ. ಅದನ್ನು ಜೋಡಿಸಿ ಮುಗಿಸದೆ ಇನ್ನೊಂದು ಬರುವಂತಿಲ್ಲ. ರೂಪಾಯಿಯ ಮಿತಿಗಿಂತ ಇದು ಗಟ್ಟಿ ಎಂಬುದು ಈ ಅಂಕಣಕಾರನ ಅನುಭವ. ರಿಯಾಯಿತಿಯ ಮಾರಾಟ ಬಂದಾಗ ‘ಎಷ್ಟು ಉಳಿಯಿತು’ ಎಂಬ ಲೆಕ್ಕ ಮನಸ್ಸನ್ನು ಸುಲಭವಾಗಿ ಒಪ್ಪಿಸಿಬಿಡುತ್ತದೆ. ಬಿಚ್ಚದ ಡಬ್ಬ ಕಣ್ಣೆದುರಿಗೇ ಕೂತಿದ್ದರೆ ಆ ಲೆಕ್ಕಕ್ಕೆ ಬಲ ಬರುವುದಿಲ್ಲ.

ಹೊರದೇಶದಿಂದ ತರಿಸುವ ಆಸೆಗೆ ಸರ್ಕಾರವೇ ಬೇಲಿ ಹಾಕಿದೆ. ಆಟಿಕೆಗಳ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಮನೆಯಲ್ಲಿ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿದ್ದರೆ ಬೆಲೆ ನೋಡುವ ಮೊದಲು ಆ ಗುರುತು ನೋಡಬೇಕು, ಸಣ್ಣ ತುಂಡುಗಳನ್ನು ಅವರ ಕೈಗೆ ಎಟುಕದಂತೆ ಇಡಬೇಕು. ಬೇರೆ ಕಂಪನಿಗಳ ಬ್ಲಾಕ್ ಕೊಂಡರೆ ತಪ್ಪೇ ಎಂದು ಕೇಳುವವರಿದ್ದಾರೆ. ತಪ್ಪಿಲ್ಲ. ಡೆನ್ಮಾರ್ಕಿನ ಬಿಲುಂಡ್ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ 1932ರಲ್ಲಿ ಮರದ ಆಟಿಕೆಗಳಿಂದ ಶುರುಮಾಡಿದ ಕಂಪನಿ ಲೆಗೊ. ಈಗಿನ ಬ್ಲಾಕಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆ ಪೇಟೆಂಟ್‌ಗಳ ಕಾಲ ಎಂದೋ ಮುಗಿದಿದೆ. ಬ್ಲಾಕಿನ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳುವ ಪ್ರಯತ್ನಕ್ಕೆ 2010ರಲ್ಲಿ ಯುರೋಪಿನ ನ್ಯಾಯಾಲಯ ಒಪ್ಪಲಿಲ್ಲ. ಬೇರೆಯವರ ಹೆಸರನ್ನೂ ಡಬ್ಬದ ಚಿತ್ರವನ್ನೂ ಕದಿಯದೆ, ತಮ್ಮದೇ ಹೆಸರಿನಲ್ಲಿ ಹೊಂದುವ ಬ್ಲಾಕ್ ಮಾಡುವವರಿಂದ ಕೊಳ್ಳಬಹುದು.

ಇಷ್ಟೆಲ್ಲ ಕಟ್ಟುಗಳಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಏನನ್ನು ಸಂಗ್ರಹಿಸುವುದು? ಕಾರು, ಹಡಗು, ಆಕಾಶನೌಕೆ, ಕೋಟೆ, ಹೂವು... ಕಂಪನಿ ವರ್ಷ ವರ್ಷ ಹೊಸದನ್ನು ತರುತ್ತಲೇ ಇರುತ್ತದೆ. ಎಲ್ಲದರಲ್ಲೂ ಒಂದೊಂದು ಎಂದು ಹೊರಟರೆ ಯಾವ ಸಂಬಳವೂ ಸಾಲದು. ದುಡ್ಡಿನ ಮಿತಿಗೆ ಅರ್ಥ ಬರಬೇಕಾದರೆ ವಿಷಯದ ಮಿತಿ ಬೇಕು. ಈ ಮನೆಯಲ್ಲಿ ಆ ಮಿತಿಯನ್ನು ಹಾಕಿಕೊಟ್ಟದ್ದು ಊರಿನ ಶಿವಾಲಯ. ಅದರ ಮಾದರಿ ಕಟ್ಟುವುದೇ ಈಗಿನ ಕೆಲಸ.

ಅರಸೀಕೆರೆಯ ಈಶ್ವರ ದೇವಾಲಯ 1220ರ ಹೊಯ್ಸಳ ಕಟ್ಟಡ. ಬೇಲೂರು ಹಳೇಬೀಡಿಗೆ ಹೋಗುವ ಅವಸರದಲ್ಲಿ ಪ್ರವಾಸಿಗರು ಇದನ್ನು ಬಿಟ್ಟೇ ಹೋಗುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದೂ ಬೇಲೂರು, ಹಳೇಬೀಡು, ಸೋಮನಾಥಪುರಗಳೇ. ಅರಸೀಕೆರೆಯ ಗರ್ಭಗುಡಿಯ ತಳವಿನ್ಯಾಸ 16 ಮೂಲೆಯ ನಕ್ಷತ್ರ. ಒಂದೇ ನಡುಬಿಂದುವಿನ ಮೇಲೆ ನಾಲ್ಕು ಚೌಕಗಳನ್ನು 22.5 ಡಿಗ್ರಿಯಷ್ಟು ತಿರುಗಿಸುತ್ತ ಹೋದರೆ ಅಂಥ ನಕ್ಷತ್ರ ಮೂಡುತ್ತದೆ. ಲೆಗೊ ಬ್ಲಾಕಿಗೆ ಮಾತ್ರ ನೇರ ಗೆರೆ, ಲಂಬ ಕೋನ ಬಿಟ್ಟು ಬೇರೆ ಗೊತ್ತಿಲ್ಲ. ಅದರ ತಲೆಯ ಮೇಲಿನ ಗುಬ್ಬಿಗಳು 8 ಮಿಲಿಮೀಟರ್‌ಗೆ ಒಂದರಂತೆ ಚೌಕುಳಿಯಲ್ಲಿ ಕೂತಿರುತ್ತವೆ. ಹಾಗಿದ್ದರೆ ಚೌಕವನ್ನು ಓರೆಯಾಗಿ ಕೂರಿಸುವುದು ಹೇಗೆ?

ದಾರಿ ಹೈಸ್ಕೂಲಿನ ಗಣಿತದಲ್ಲಿದೆ. 5, 12, 13 ಅಳತೆಯ ಲಂಬಕೋನ ತ್ರಿಭುಜದ ಒಂದು ಕೋನ 22.62 ಡಿಗ್ರಿ, ಬೇಕಾದ್ದಕ್ಕೂ ಅದಕ್ಕೂ ಕೂದಲೆಳೆಯ ಅಂತರ. ತಿರುಗಿಸಿದ ಚೌಕದಲ್ಲಿ ನಡುವಿನಿಂದ 13 ಗುಬ್ಬಿ ದೂರದ ಜಾಗ, ಕೆಳಗಿನ ಹಲಗೆಯಲ್ಲಿ 12 ಗುಬ್ಬಿ ಉದ್ದಕ್ಕೆ 5 ಗುಬ್ಬಿ ಅಡ್ಡಕ್ಕೆ ಸರಿದ ಗುಬ್ಬಿಯ ಮೇಲೆ ಸರಿಯಾಗಿ ಬಂದು ಕೂರುತ್ತದೆ. 45 ಡಿಗ್ರಿಗೆ 12, 12 ಹಿಡಿದರೆ ಕರ್ಣ 16.97, ಅಂದರೆ 17 ಎಂದೇ ಲೆಕ್ಕ. 67.5 ಡಿಗ್ರಿಗೆ 5 ಮತ್ತು 12 ಜಾಗ ಬದಲಿಸಿಕೊಳ್ಳುತ್ತವೆ. ನಡುವಿನಿಂದ ಪ್ರತಿ ಬದಿಗೆ 17 ಗುಬ್ಬಿ ಇರುವ ಚೌಕ ತೆಗೆದುಕೊಂಡರೆ ನಕ್ಷತ್ರದ ಎದುರುಬದುರು ಮೂಲೆಗಳ ನಡುವೆ ಸುಮಾರು 38.5 ಸೆಂಟಿಮೀಟರ್. ಅಂಗಡಿಯಲ್ಲಿ ಸಿಗುವ 48 ಗುಬ್ಬಿಯ ಬೂದು ಬೇಸ್‌ಪ್ಲೇಟಿನ ಅಗಲ 38.4. ಮೂಲೆಗಳು ಕೂದಲೆಳೆಯಷ್ಟು ಆಚೆ ಚಾಚಿದರೂ ಇಡೀ ನಕ್ಷತ್ರ ಒಂದೇ ಪ್ಲೇಟಿನ ಮೇಲೆ ನಿಲ್ಲುತ್ತದೆ! ಈ ಅಂಕಣಕಾರ ಹವ್ಯಾಸಕ್ಕೆ ಹಾಕಿಕೊಂಡ ಮಿತಿಗಳಲ್ಲಿ ಅತ್ಯಂತ ಇಷ್ಟವಾದದ್ದು ಇದೇ: ಒಂದು ಬೇಸ್‌ಪ್ಲೇಟ್.

ಇದರಿಂದ ಖರ್ಚಿನ ಸ್ವರೂಪವೇ ಬದಲಾಯಿತು. ಬೇಕಾದ್ದು ಹೊಳೆಯುವ ಡಬ್ಬವಲ್ಲ, ಬೂದು ಬಣ್ಣದ ಎರಡು ಛಾಯೆಗಳ ಬಿಡಿ ತುಂಡುಗಳು. ಹಳೆಯ ಸೆಟ್ ಬಿಚ್ಚಿ ಮಾರುವವರಿಂದ ಅವು ಸಿಗುತ್ತವೆ. ಎಷ್ಟು ಕಡಿಮೆ ತುಂಡುಗಳಿಂದ ಎಷ್ಟೆಲ್ಲ ಮಾಡಬಹುದು ಎಂಬುದಕ್ಕೆ ಗಣಿತಜ್ಞರ ಲೆಕ್ಕವೇ ಇದೆ: ಎಂಟು ಗುಬ್ಬಿಯ ಒಂದೇ ಬಣ್ಣದ ಆರು ಬ್ಲಾಕುಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದು. ದುಡ್ಡಿನ ಜಾಗದಲ್ಲಿ ಈಗ ಖರ್ಚಾಗುತ್ತಿರುವುದು ಸಮಯ. ಬಾಣಾವರ, ಜಾವಗಲ್ ಹಾದು ಹಳೇಬೀಡಿಗೆ, ಅಲ್ಲಿಂದ 16 ಕಿಲೋಮೀಟರ್ ದೂರದ ಬೇಲೂರಿಗೆ ಬಸ್ಸಿನಲ್ಲಿ ಹೋಗಿ ನೋಡಿಬರುವುದು ಹವ್ಯಾಸದ ಭಾಗವಾಗಿದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯ ಜಗತಿಯ, ಅಂದರೆ ಗುಡಿ ನಿಂತ ಎತ್ತರದ ಕಟ್ಟೆಯ, ಮೇಲೆ ನಡೆಯುವಾಗ ಅದು ಒಳಗಿನ ಗೋಡೆಯ ಮೂಲೆಮೂಲೆಯನ್ನೂ ಹೇಗೆ ಹಿಂಬಾಲಿಸುತ್ತದೆ ಎಂದು ಕಾಲಿಗೇ ಗೊತ್ತಾಗುತ್ತದೆ. ಹೊಯ್ಸಳರ ಶಿಲ್ಪಿಗಳು ಗಾರೆಯಿಲ್ಲದೆ, ಬಳಪದ ಕಲ್ಲಿನ ತುಂಡುಗಳನ್ನು ಗೂಟ ಮತ್ತು ತೂತಿನ ಹೊಂದಿಕೆಯಿಂದ ಒಂದಕ್ಕೊಂದು ಕಚ್ಚಿಸಿ ಕಟ್ಟಿದರು. ಬ್ಲಾಕ್ ಜೋಡಿಸುವ ಕೈಗೆ ಇದು ಪುಸ್ತಕದಲ್ಲಿ ಓದಿದ ಸಂಗತಿಯಾಗಿ ಉಳಿಯುವುದಿಲ್ಲ. ಬೇಲೂರಿನ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಕೊರೆದಿದ್ದಾರೆ. ಆ ಸಣ್ಣ ಅಕ್ಷರಗಳನ್ನು ಹುಡುಕಿ ನಿಲ್ಲುವ ತಾಳ್ಮೆಯೂ ಈ ಹವ್ಯಾಸದಿಂದಲೇ ಬಂದದ್ದು.

ಮಾದರಿಯ ಜಗತಿ ಮುಗಿದಿದೆ, ಗೋಡೆ ಮೊಣಕೈ ಎತ್ತರಕ್ಕೂ ಬಂದಿಲ್ಲ. ಅರಸೀಕೆರೆಯ ನಕ್ಷತ್ರದ ಮೂಲೆಗಳೆಲ್ಲ ಒಂದೇ ಅಚ್ಚಿನವಲ್ಲದ ಕಾರಣ ಗೋಡೆಯ ಕೆಲಸ ನಿಧಾನ. ಮುಂದಿನ ಕೊಬ್ಬರಿ ಒಡೆಯುವ ಹೊತ್ತಿಗೆ ಬೆಲೆ ಏನೇ ಇರಲಿ, ತಿಂಗಳ 1,500 ಅಷ್ಟೇ ಇರುತ್ತದೆ. ಮಗಳದ್ದು ಮಾತ್ರ ಒಂದು ಬೇಡಿಕೆ ಬಾಕಿಯಿದೆ: “ಅಪ್ಪಾ, ಹಳೇಬೀಡೂ ಮಾಡೋಣ.” ಹೊಯ್ಸಳೇಶ್ವರ ದ್ವಿಕೂಟ, ಎರಡು ಗರ್ಭಗುಡಿ, ಎರಡು ನಂದಿಮಂಟಪ. ಒಂದು ಪ್ಲೇಟಿನಲ್ಲಿ ಅದು ಹಿಡಿಯುವುದಿಲ್ಲ. ಯುಗಾದಿಯ ಮಾತುಕತೆಯಲ್ಲಿ ಆಗಿರುವ ಒಪ್ಪಂದ ಹೀಗಿದೆ: ಇಡೀ ಗುಡಿ ಬೇಡ, ಹೊರಗೋಡೆಯ ಒಂದು ಗೇಣು ಮಾತ್ರ, ಕೆಳಗಿನ ಆನೆಯ ಸಾಲಿನಿಂದ ಮೇಲಿನ ಹಂಸದ ಸಾಲಿನವರೆಗೆ. ಆನೆಗೆ ಎಷ್ಟು ತುಂಡು ಬೇಕಾಗಬಹುದು ಎಂಬ ಲೆಕ್ಕವನ್ನು ಅವಳೇ ನೋಟ್‌ಪುಸ್ತಕದಲ್ಲಿ ಬರೆಯುತ್ತಿದ್ದಾಳೆ.