ಹನುಕ್ಕಾ: ದಿನಕ್ಕೊಂದು ದೀಪ ಹೆಚ್ಚುವ ಹಬ್ಬ

ಉದ್ದೇಶ: ಯಹೂದಿಯರ ಚಳಿಗಾಲದ ಹಬ್ಬವಾದ ಹನುಕ್ಕಾದ ಹಿನ್ನೆಲೆ, ಆಚರಣೆ ಮತ್ತು ಅರ್ಥವನ್ನು ವಿದ್ಯಾರ್ಥಿಗಳು ತಿಳಿಯುವುದು, ಮಹಾರಾಷ್ಟ್ರದ ಯಹೂದಿಯರನ್ನು ಪರಿಚಯಿಸಿಕೊಳ್ಳುವುದು.

ಪೀಠಿಕೆ: ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಮಕ್ಕಳಿಗೆ ದೀಪಾವಳಿಯ ಹಣತೆ ಚಿರಪರಿಚಿತ. ಹಣತೆಗೆ ಎರೆಯುವ ಎಣ್ಣೆ ಹಿಂದೆ ಎಲ್ಲಿಂದ ಬರುತ್ತಿತ್ತೆಂದು ಕೇಳಿ, ಗಾಣ ಮತ್ತು ಗಾಣಿಗರ ವಿಷಯಕ್ಕೆ ಬರಬೇಕು. ಗಾಣಿಗರಿಗೆ ಮರಾಠಿಯಲ್ಲಿ ತೇಲಿ ಎನ್ನುತ್ತಾರೆ.

ವಿಷಯ ವಿವರಣೆ: ಘಟ್ಟದಾಚೆಯ ಕೊಂಕಣದಲ್ಲಿ, ಇಂದಿನ ರಾಯಗಡ ಜಿಲ್ಲೆಯ ಹಳ್ಳಿಗಳಲ್ಲಿ, ಬೆನೆ ಇಸ್ರೇಲ್ ಎಂಬ ಯಹೂದಿಯರು ತಲೆತಲಾಂತರದಿಂದ ಎಣ್ಣೆ ತೆಗೆಯುವ ಕಸುಬು ಮಾಡುತ್ತಿದ್ದರು. ಅವರ ಮನೆಮಾತು ಮರಾಠಿ. ಶನಿವಾರ ಅವರಿಗೆ ವಿಶ್ರಾಂತಿಯ ದಿನ. ಅಂದು ಗಾಣ ತಿರುಗುತ್ತಿರಲಿಲ್ಲ. ಆದುದರಿಂದ ನೆರೆಹೊರೆಯವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು.

ಹನುಕ್ಕಾ ಎಂಬ ಹೀಬ್ರೂ ಪದಕ್ಕೆ ಸಮರ್ಪಣೆ ಎಂದರ್ಥ. ಕ್ರಿ.ಪೂ. 167ರ ಸುಮಾರಿಗೆ ಗ್ರೀಕ್ ಮೂಲದ ಅರಸ ನಾಲ್ಕನೆಯ ಆಂಟಿಯೋಕಸನು ಯಹೂದಿ ಆಚರಣೆಗಳನ್ನು ನಿಷೇಧಿಸಿ, ಜೆರುಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದನು. ಯೂದಾ ಮಕ್ಕಬಿಯ ದಂಡು ದೇವಾಲಯವನ್ನು ಮರಳಿ ಪಡೆದು, ಕ್ರಿ.ಪೂ. 164ರಲ್ಲಿ ಶುದ್ಧಿಗೊಳಿಸಿ ದೇವರಿಗೆ ಸಮರ್ಪಿಸಿತು. ಒಂದು ದಿನಕ್ಕೆ ಸಾಲುವಷ್ಟೇ ಇದ್ದ ಪವಿತ್ರ ಎಣ್ಣೆಯು ಎಂಟು ದಿನ ಉರಿಯಿತೆಂದು ಟಾಲ್ಮುಡ್ ಗ್ರಂಥ ಹೇಳುತ್ತದೆ.

ಅದರ ನೆನಪಿಗಾಗಿ ಕಿಸ್ಲೇವ್ ಮಾಸದ 25ರಿಂದ ಎಂಟು ಸಂಜೆ ದೀಪ ಬೆಳಗುತ್ತಾರೆ. ಮೊದಲ ಸಂಜೆ ಒಂದು, ಮರುದಿನ ಎರಡು; ಹೀಗೆ ಕೊನೆಗೆ ಎಂಟು. ಇವನ್ನು ಹಚ್ಚಲು ‘ಶಮಾಶ್’, ಎಂದರೆ ಸೇವಕ, ಎಂಬ ಬೇರೊಂದು ದೀಪವಿರುತ್ತದೆ. ಹಬ್ಬದ ದೀಪಗಳ ಬೆಳಕನ್ನು ಮನೆಗೆಲಸಕ್ಕೆ ಬಳಸುವಂತಿಲ್ಲ. ಪವಾಡವನ್ನು ಸಾರುವುದಕ್ಕಾಗಿ ಅವುಗಳನ್ನು ದಾರಿಹೋಕರಿಗೆ ಕಾಣುವಂತೆ ಇಡಬೇಕು; ಅಪಾಯದ ಕಾಲದಲ್ಲಿ ಮಾತ್ರ ಒಳಗೆ ಮೇಜಿನ ಮೇಲಿಟ್ಟರೆ ಸಾಕು. ಎಣ್ಣೆಯಲ್ಲಿ ಕರಿದ ತಿನಿಸು ಹಬ್ಬದ ಊಟ.

ಎಣ್ಣೆಯ ಕಸುಬಿನವರಾದ ಬೆನೆ ಇಸ್ರೇಲರಿಗೆ ಎಣ್ಣೆಯ ಈ ಹಬ್ಬವೇ ಬಹುಕಾಲ ತಿಳಿದಿರಲಿಲ್ಲ. ದೇವಾಲಯದ ಆ ಘಟನೆಗೆ ಮೊದಲೇ ತಮ್ಮ ಪೂರ್ವಿಕರು ಹೊರಟುಬಂದರೆಂಬುದು ಅವರ ನಂಬಿಕೆ. ಮುಂದೆ ಕೊಚ್ಚಿಯ ಯಹೂದಿಯರ ಸಂಪರ್ಕದಿಂದ ಅವರು ಹಬ್ಬವನ್ನು ಕಲಿತರು. ಶನಿವಾರವನ್ನು ಅವರು ಉಳಿಸಿಕೊಂಡಿದ್ದರು, ಹನುಕ್ಕಾವನ್ನು ಕಲಿತುಕೊಂಡರು. ಪರಂಪರೆಯಲ್ಲಿ ಎರಡಕ್ಕೂ ಸ್ಥಾನವುಂಟು. 2016ರಲ್ಲಿ ಮಹಾರಾಷ್ಟ್ರ ಸರ್ಕಾರವು ಯಹೂದಿಯರಿಗೆ ಧಾರ್ಮಿಕ ಅಲ್ಪಸಂಖ್ಯಾತ ಸ್ಥಾನ ನೀಡಿತು.

ಶಿಕ್ಷಕರಿಗೆ ಸೂಚನೆ: ಹನುಕ್ಕಾವನ್ನು ‘ಯಹೂದಿಯರ ದೀಪಾವಳಿ’ ಎಂದು ಹೇಳಿ ಮುಗಿಸಬಾರದು. ಹೋಲಿಕೆಯೊಡನೆ ವ್ಯತ್ಯಾಸವನ್ನೂ ಮಕ್ಕಳೇ ಗುರುತಿಸುವಂತಾಗಬೇಕು.

ಚಟುವಟಿಕೆ: ಎಂಟು ಸಂಜೆಗಳ ದೀಪಗಳನ್ನು ಕಪ್ಪುಹಲಗೆಯ ಮೇಲೆ ಸಾಲಾಗಿ ಬರೆಸಿ ಕೂಡಿಸಿರಿ. ಮೊತ್ತ 36, ದಿನಕ್ಕೊಂದು ಶಮಾಶ್ ಸೇರಿ 44.

ಪ್ರಶ್ನೆಗಳು:
1. ‘ಶನಿವಾರ ತೇಲಿ’ ಎಂಬ ಹೆಸರು ಹೇಗೆ ಬಂದಿತು?
2. ದೀಪವನ್ನು ಒಳಗಿಡಲು ಯಾವಾಗ ಅವಕಾಶವಿದೆ? ಏಕಿರಬಹುದು?
3. ನಿಮ್ಮ ಮನೆಯಲ್ಲಿದ್ದು ನೆರೆಮನೆಯಲ್ಲಿಲ್ಲದ ಆಚರಣೆ ಯಾವುದು? ಅದನ್ನು ಯಾರಿಂದ ಕಲಿತಿರಿ?